ಲೀಟರ್ ನೋಡಿ ಫ್ರೈಯರ್ ತರಬೇಡಿ: ಸಣ್ಣ ಅಂಗಡಿಗೆ ಕರೆಂಟ್ ಬಾಣಲೆ ಆರಿಸುವ ಲೆಕ್ಕ

ಸಂಜೆ ನಾಲ್ಕೂವರೆಯಿಂದ ಎಂಟೂವರೆವರೆಗೆ ಬಜ್ಜಿ, ಬೋಂಡಾ, ಉದ್ದಿನ ವಡೆ ಮಾರುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಒಳಗೆ ಇಬ್ಬರು ನಿಲ್ಲೋಕೆ ಜಾಗ, ಎರಡು ಅಡಿ ಅಗಲದ ಒಂದು ಕಟ್ಟೆ, ಗೋಡೆಯಲ್ಲಿ ಒಂದೆರಡು ಪ್ಲಗ್ ಪಾಯಿಂಟ್, ಕೆಳಗೆ 19 ಕೆಜಿಯ ಗ್ಯಾಸ್ ಸಿಲಿಂಡರ್. ರಾಜ್ಯದ ಯಾವ ಎಂಜಿನಿಯರಿಂಗ್ ಕಾಲೇಜಿನ ಗೇಟಿನ ಎದುರಾದರೂ ಇಂಥದ್ದೊಂದು ಇದ್ದೇ ಇರತ್ತೆ. ಈ ಅಂಗಡಿಯವರು ಗ್ಯಾಸ್ ಬಾಣಲೆಯ ಬದಲು ಕಟ್ಟೆ ಮೇಲೆ ಇಡುವ ಎಲೆಕ್ಟ್ರಿಕ್ ಫ್ರೈಯರ್ ತರೋಣ ಅಂತ ಯೋಚಿಸಿದರೆ ಏನನ್ನು ನೋಡಿ ತರಬೇಕು? ಅಡುಗೆ ಸಾಮಾನಿನ ಅಂಗಡಿಗೆ ಹೋದರೆ ಮೊದಲು ಕೇಳೋ ಪ್ರಶ್ನೆ "ಎಷ್ಟು ಲೀಟರ್ ಬೇಕು ಸಾರ್?" ಅನ್ನೋದು. ನಮ್ಮ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮೂರು ಅಂಕಿ ಗೊತ್ತಿರಬೇಕು: ನಿಮ್ಮ ಕರೆಂಟ್ ಕನೆಕ್ಷನ್ ಎಷ್ಟು ಕಿಲೋವ್ಯಾಟ್ ತಡೆಯತ್ತೆ, ಫ್ರೈಯರ್‌ನಲ್ಲಿ ಲೀಟರ್ ಎಣ್ಣೆಗೆ ಎಷ್ಟು ವ್ಯಾಟ್ ಇದೆ, ಮತ್ತು ಟ್ಯಾಂಕ್‌ನ ಬಾಯಿ ಎಷ್ಟು ಅಗಲ ಇದೆ.

ಇದೆಲ್ಲ ನಾವು ಮೊದಲೆರಡು ಸೆಮಿಸ್ಟರ್‌ನಲ್ಲಿ ಓದಿದ ಲೆಕ್ಕಗಳೇ. ಆದರೆ ಸಣ್ಣ ಅಂಗಡಿಯವರಿಗೆ ಇದು ಕೆಲವು ತಿಂಗಳ ಉಳಿತಾಯದ ಮಾತು. ತಪ್ಪು ಯಂತ್ರ ತಂದರೆ ಎಣ್ಣೆ ಕುಡಿದ ಬೋಂಡಾ, ಕರಗಿದ ಸಾಕೆಟ್, ಇಲ್ಲ ಅಂದರೆ ಮೂಲೆ ಸೇರಿದ ಸ್ಟೀಲ್ ಡಬ್ಬ. ಹಾಗಾಗಿ ಒಂದೊಂದಾಗಿ ನೋಡೋಣ.

ಯಂತ್ರದ ಒಳಗೆ ಏನಿರತ್ತೆ

ಕಟ್ಟೆ ಮೇಲಿನ ಫ್ರೈಯರ್ ಬಹಳ ಸರಳ ಯಂತ್ರ. ಒಂದು ಸ್ಟೀಲ್ ಟ್ಯಾಂಕ್, ಅದರೊಳಗೆ ಎಣ್ಣೆಯಲ್ಲಿ ಮುಳುಗಿರುವ ಹೀಟಿಂಗ್ ಎಲಿಮೆಂಟ್, ಎಣ್ಣೆಯ ಬಿಸಿ ಹಿಡಿದಿಡುವ ಥರ್ಮೋಸ್ಟಾಟ್, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಇನ್ನೊಂದು ಕಟ್-ಔಟ್, ತಂತಿ ಬುಟ್ಟಿ, ಮುಚ್ಚಳ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗೋದು 6 ಲೀಟರಿನ ಒಂಟಿ ಟ್ಯಾಂಕ್, ಅದರಲ್ಲಿ 2.5 ಕಿಲೋವ್ಯಾಟ್ ಎಲಿಮೆಂಟ್. ಅದನ್ನೇ ಅಕ್ಕಪಕ್ಕ ಜೋಡಿಸಿದ ಎರಡು ಟ್ಯಾಂಕಿನ ಮಾದರಿ. ಆಮೇಲೆ ಎಂಟು-ಹತ್ತು ಲೀಟರಿನವು.

ಇಲ್ಲೇ ಒಂದು ಎಚ್ಚರಿಕೆ. ಬ್ರೋಶರ್‌ನಲ್ಲಿ ಬರೆದ ಲೀಟರ್ ಟ್ಯಾಂಕ್‌ನ ಅಂಚಿನವರೆಗಿನದ್ದೋ, ಎಣ್ಣೆ ಹಾಕುವ ಗರಿಷ್ಠ ಗೆರೆಯವರೆಗಿನದ್ದೋ ಕೇಳಿಕೊಳ್ಳಿ. ಒದ್ದೆ ಹಿಟ್ಟು ಬಿದ್ದಾಗ ಎಣ್ಣೆ ನೊರೆಯೆದ್ದು ಮೇಲೆ ಬರತ್ತೆ, ಅದಕ್ಕೆ ಜಾಗ ಬೇಕು. "6 ಲೀಟರ್" ಅಂತ ಬರೆದ ಟ್ಯಾಂಕ್‌ಗೆ ನಿಜವಾಗಿ ಹಾಕೋ ಎಣ್ಣೆ ಅದಕ್ಕಿಂತ ಕಡಿಮೆ ಇರಬಹುದು. ಮುಂದಿನ ಲೆಕ್ಕಕ್ಕೆ ನಾವು ಎಣ್ಣೆ 5 ಲೀಟರ್, ಎಲಿಮೆಂಟ್ 2.5 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳುತ್ತೇವೆ.

ಮೊದಲನೇ ಅಂಕಿ: ನಿಮ್ಮ ಕನೆಕ್ಷನ್

ಫ್ರೈಯರ್ ನೋಡೋಕೆ ಹೋಗುವ ಮೊದಲು ಅಂಗಡಿಯ ಕರೆಂಟ್ ಬಿಲ್ ತೆಗೆದು ನೋಡಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಯಾವುದೇ ಇರಲಿ, ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರತ್ತೆ. ಸಣ್ಣ ಅಂಗಡಿಗಳಲ್ಲಿ ಅದು ಒಂದೋ ಎರಡೋ ಕಿಲೋವ್ಯಾಟ್ ಇರೋದು ಅಪರೂಪವೇನಲ್ಲ. ಅಲ್ಲಿ ಈಗಾಗಲೇ ಫ್ರಿಜ್, ಮಿಕ್ಸಿ, ಲೈಟು, ಫ್ಯಾನು ನಡೀತಿರತ್ತೆ. ಅದರ ಮೇಲೆ 2.5 ಕಿಲೋವ್ಯಾಟ್ ಫ್ರೈಯರ್ ಕೂರಿಸಬೇಕಾದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. ಅದಕ್ಕೆ ಡಿಪಾಸಿಟ್ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಏರತ್ತೆ. ಫ್ರೈಯರಿನ ನಿಜವಾದ ಬೆಲೆಯಲ್ಲಿ ಇದನ್ನೂ ಸೇರಿಸಿ.

ಇನ್ನು ಪ್ಲಗ್ ಪಾಯಿಂಟ್. ನಮ್ಮ ಸಿಂಗಲ್ ಫೇಸ್ ಸರಬರಾಜು 230 ವೋಲ್ಟ್. ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್‌ನ ಮಿತಿ 230 × 16, ಅಂದರೆ 3680 ವ್ಯಾಟ್. ಆದರೆ ಫ್ರೈಯರ್ ಮಿಕ್ಸಿಯ ಹಾಗೆ ಎರಡು ನಿಮಿಷ ಓಡಿ ನಿಲ್ಲಲ್ಲ; ಗಂಟೆಗಟ್ಟಲೆ ಎಳೆಯತ್ತೆ. ಹಾಗೆ ಸತತವಾಗಿ ಎಳೆಯುವ ಲೋಡನ್ನು ಮಿತಿಯ 80 ಶೇಕಡಾದೊಳಗೆ ಇಡೋದು ಒಳ್ಳೆಯ ಪದ್ಧತಿ. ಆ ಲೆಕ್ಕದಲ್ಲಿ ಒಂದು 16 ಆಂಪಿಯರ್ ಸಾಕೆಟ್‌ಗೆ 3 ಕಿಲೋವ್ಯಾಟ್‌ಗಿಂತ ದೊಡ್ಡ ಫ್ರೈಯರ್ ಬೇಡ. 2.5 ಕಿಲೋವ್ಯಾಟ್‌ನದ್ದು ಸುಮಾರು 10.9 ಆಂಪಿಯರ್ ಎಳೆಯತ್ತೆ, 3 ಕಿಲೋವ್ಯಾಟ್‌ನದ್ದು 13.

ವೈರಿಂಗ್ ವಿಷಯದಲ್ಲಿ ನಾವು ಹೇಳೋದು ಇಷ್ಟು. ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಫ್ರೈಯರ್‌ಗೇ ಪ್ರತ್ಯೇಕವಾಗಿ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೆ ಹೊಂದುವ ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಹಾಕೋದಂತೂ ಬೇಡವೇ ಬೇಡ. ಸಡಿಲವಾದ ಸಾಕೆಟ್‌ನಲ್ಲಿ ಸಂಪರ್ಕದ ರೆಸಿಸ್ಟೆನ್ಸ್ ಅರ್ಧ ಓಮ್ ಇದ್ದರೂ 11 ಆಂಪಿಯರ್ ಹರಿಯುವಾಗ ಅಲ್ಲಿ 60 ವ್ಯಾಟ್ ಶಾಖ ಹುಟ್ಟತ್ತೆ. ಹಳೇ ಕಾಲದ ಒಂದು 60 ವ್ಯಾಟ್ ಬಲ್ಬನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ನಾಲ್ಕು ಗಂಟೆ ಉರಿಸಿದ ಹಾಗೆ. ಪ್ಲಗ್ ಕಂದು ಬಣ್ಣಕ್ಕೆ ತಿರುಗೋದು ಇದೇ ಕಾರಣಕ್ಕೆ.

ಎರಡು ಟ್ಯಾಂಕಿನ ಯಂತ್ರಕ್ಕೆ ಎರಡು ವೈರ್ ಇರತ್ತೆ, ಎರಡೂ ಸೇರಿ 21.7 ಆಂಪಿಯರ್. ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿದರೆ ಆಗಲ್ಲ. ಎರಡು ಪ್ರತ್ಯೇಕ ಸರ್ಕ್ಯೂಟ್ ಬೇಕು. 6 ಕಿಲೋವ್ಯಾಟ್ ದಾಟಿದರೆ ಮೂರು ಫೇಸಿನ ಕನೆಕ್ಷನ್ ಇದ್ದವರು ಮಾತ್ರ ಯೋಚಿಸಿ.

ವೋಲ್ಟೇಜ್ ಕಮ್ಮಿ ಇರೋ ಊರಿನವರು ಇನ್ನೊಂದು ಲೆಕ್ಕ ಹಾಕಬೇಕು. ಎಲಿಮೆಂಟ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯತ್ತೆ. ಸಂಜೆ ಹೊತ್ತು ವೋಲ್ಟೇಜ್ 200ಕ್ಕೆ ಬಿದ್ದರೆ 2.5 ಕಿಲೋವ್ಯಾಟ್ ಎಲಿಮೆಂಟ್ ಕೊಡೋದು 1.9 ಕಿಲೋವ್ಯಾಟ್ ಮಾತ್ರ. ವ್ಯಾಪಾರ ಜೋರಾಗಿರೋದು ಆ ಸಂಜೆ ಹೊತ್ತಲ್ಲೇ! ಒಂದು ಮಲ್ಟಿಮೀಟರ್ ಹಿಡಿದು ಸಂಜೆ ಆರರಿಂದ ಎಂಟರ ನಡುವೆ ನಾಲ್ಕೈದು ದಿನ ಅಳೆದು ನೋಡಿ, ಆಮೇಲೆ ಯಂತ್ರ ನೋಡೋಕೆ ಹೊರಡಿ.

ಎರಡನೇ ಅಂಕಿ: ಲೀಟರಿಗೆ ಎಷ್ಟು ವ್ಯಾಟ್

ಈಗ ಎಣ್ಣೆಯ ಲೆಕ್ಕ. ಅಡುಗೆ ಎಣ್ಣೆಯ ಸಾಂದ್ರತೆ ಲೀಟರಿಗೆ ಸುಮಾರು 0.92 ಕೆಜಿ, ವಿಶಿಷ್ಟ ಶಾಖ ಕೆಜಿಗೆ ಡಿಗ್ರಿಗೆ ಸುಮಾರು 2 ಕಿಲೋಜೂಲ್. 5 ಲೀಟರ್ ಅಂದರೆ 4.6 ಕೆಜಿ. ಅದನ್ನು ಒಂದು ಡಿಗ್ರಿ ಏರಿಸೋಕೆ 9.2 ಕಿಲೋಜೂಲ್ ಬೇಕು. 30 ಡಿಗ್ರಿಯಿಂದ 180 ಡಿಗ್ರಿಗೆ ಒಯ್ಯೋಕೆ 1380 ಕಿಲೋಜೂಲ್. 2.5 ಕಿಲೋವ್ಯಾಟ್‌ನಲ್ಲಿ ಅದು ಒಂಬತ್ತು ನಿಮಿಷದ ಕೆಲಸ. ಸ್ಟೀಲ್ ಬಿಸಿಯಾಗೋದು, ಗಾಳಿಗೆ ಹೋಗೋದು ಸೇರಿಸಿ ಹನ್ನೊಂದು-ಹನ್ನೆರಡು ನಿಮಿಷ ಅಂದುಕೊಳ್ಳಿ.

ಶುರುವಿನ ಬಿಸಿ ದೊಡ್ಡ ಸಂಗತಿಯಲ್ಲ, ದಿನಕ್ಕೆ ಒಂದೇ ಸಲ. ನಿಜವಾದ ಪರೀಕ್ಷೆ ಇರೋದು ತಣ್ಣಗಿನ ಹಿಟ್ಟು ಬಿದ್ದಾಗ. ಕರಿಯೋದು ಅಂದರೆ ಬಹುಪಾಲು ನೀರನ್ನು ಆವಿ ಮಾಡೋದೇ. ಒಂದು ಕೆಜಿ ನೀರನ್ನು ಆವಿ ಮಾಡೋಕೆ 2257 ಕಿಲೋಜೂಲ್ ಬೇಕು. ಒಂದು ಕೆಜಿ ಬೋಂಡಾ ಹಿಟ್ಟಿನಿಂದ 150 ಗ್ರಾಂ ನೀರು ಹೋಗತ್ತೆ, ಉಳಿದದ್ದು ನೂರು ಡಿಗ್ರಿ ಹತ್ತಿರಕ್ಕೆ ಬೇಯತ್ತೆ ಅಂತ ಅಂದಾಜು ಮಾಡಿದರೆ ಒಟ್ಟು ಸುಮಾರು 550 ಕಿಲೋಜೂಲ್. ಒಂದು ಒಬ್ಬೆ ನಾಲ್ಕು ನಿಮಿಷ ಬೇಯತ್ತೆ, ಮೊದಲ ನಿಮಿಷದಲ್ಲೇ ಅದರ ಅರ್ಧಕ್ಕೆ ಹತ್ತಿರದಷ್ಟು ಶಾಖ ಎಳೆಯತ್ತೆ ಅಂತಲೂ ಇಟ್ಟುಕೊಳ್ಳೋಣ. ಎಲಿಮೆಂಟ್ ಕೊಡುವ 2.5ರಲ್ಲಿ 0.3 ಕಿಲೋವ್ಯಾಟ್ ಸುಮ್ಮನೆ ಗಾಳಿಗೆ ಹೋಗತ್ತೆ ಅಂದರೆ ಉಳಿದದ್ದು 2.2.

ಅರ್ಧ ಕೆಜಿಯ ಒಬ್ಬೆ ಬಿಟ್ಟರೆ ಮೊದಲ ನಿಮಿಷದಲ್ಲಿ ಬೇಕಾದ್ದು 125 ಕಿಲೋಜೂಲ್, ಎಲಿಮೆಂಟ್ ಕೊಡೋದು 132. ಎಣ್ಣೆ ಬಿಸಿ ಹೆಚ್ಚುಕಮ್ಮಿ ನಿಂತಲ್ಲೇ ನಿಲ್ಲತ್ತೆ. ಒಂದು ಕೆಜಿ ಬಿಟ್ಟರೆ ಬೇಕಾದ್ದು 250. ಕೊರತೆಯ 118 ಕಿಲೋಜೂಲ್ ಎಣ್ಣೆಯಿಂದಲೇ ಬರಬೇಕು, ಹಾಗಾಗಿ ಎಣ್ಣೆ 13 ಡಿಗ್ರಿ ಇಳಿದು 167ಕ್ಕೆ ಬರತ್ತೆ. ಉಳಿದ ಮೂರು ನಿಮಿಷದಲ್ಲಿ ನಿಧಾನಕ್ಕೆ ಚೇತರಿಸಿಕೊಳ್ಳತ್ತೆ. ಈಗ ಅದೇ ಒಂದು ಕೆಜಿಯನ್ನು 200 ವೋಲ್ಟ್‌ನಲ್ಲಿ ಬಿಡಿ. ಮೊದಲ ನಿಮಿಷಕ್ಕೇ 17 ಡಿಗ್ರಿ ಇಳಿದು 163ಕ್ಕೆ ಬಂತು. ಆಮೇಲೆ ಅದು ಏರೋದೇ ಇಲ್ಲ, ಬರೋ ಶಾಖ ಹೋಗೋ ಶಾಖ ಸಮ ಆಗಿಬಿಡತ್ತೆ. ಮಧ್ಯೆ ಒಂದು ನಿಮಿಷ ಬಿಡುವು ಕೊಟ್ಟರೂ ಎರಡನೇ ಒಬ್ಬೆ 172ರಿಂದ ಶುರುವಾಗಿ 155ಕ್ಕೆ ಇಳಿಯತ್ತೆ. ಮೂರನೆಯದು ಇನ್ನೂ ಕೆಳಗೆ. ಮೊದಲ ಪ್ಲೇಟ್ ಗರಿಗರಿ, ಐದನೇ ಪ್ಲೇಟ್ ಮೆತ್ತಗೆ ಅನ್ನೋ ದೂರಿನ ಹಿಂದಿನ ಗಣಿತ ಇದೇ.

ಬಿಸಿ ಇಳಿದರೆ ಏನಾಗತ್ತೆ? ಹಿಟ್ಟಿನೊಳಗಿನ ನೀರು ರಭಸವಾಗಿ ಆವಿಯಾಗಿ ಹೊರಗೆ ನುಗ್ಗುತ್ತಿರುವವರೆಗೆ ಎಣ್ಣೆಗೆ ಒಳಗೆ ಹೋಗೋಕೆ ದಾರಿ ಇಲ್ಲ. ಬಿಸಿ ಕಮ್ಮಿಯಾದರೆ ಹೊರಪದರ ಗಟ್ಟಿಯಾಗೋದು ತಡ, ಬಣ್ಣ ಬರೋದು ತಡ, ಎಣ್ಣೆಯಲ್ಲಿ ಇರೋ ಹೊತ್ತು ಜಾಸ್ತಿ. ಇನ್ನೊಂದು ವಿಷಯ ಬಹಳ ಜನಕ್ಕೆ ಆಶ್ಚರ್ಯ ತರತ್ತೆ: ಎಣ್ಣೆಯ ಹೆಚ್ಚಿನ ಪಾಲು ಒಳಗೆ ಹೋಗೋದು ಕರಿಯುವಾಗ ಅಲ್ಲ, ಹೊರಗೆ ತೆಗೆದ ಮೇಲೆ. ಬೋಂಡಾ ತಣ್ಣಗಾಗುತ್ತಾ ಒಳಗಿನ ಆವಿ ಕುಗ್ಗಿದಾಗ ಮೈಮೇಲೆ ಅಂಟಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳತ್ತೆ. ಅದಕ್ಕೇ ತೆಗೆದ ಕೂಡಲೇ ಜಾಲರಿಯಲ್ಲಿ ಚೆನ್ನಾಗಿ ಒದರಬೇಕು. ಬುಟ್ಟಿ ನೇತುಹಾಕೋಕೆ ಕೊಕ್ಕೆ ಇರುವ ಫ್ರೈಯರ್ ಈ ಕಾರಣಕ್ಕೆ ಒಳ್ಳೆಯದು.

ಹಾಗಾದರೆ ಜಾಸ್ತಿ ಎಣ್ಣೆ ಇದ್ದರೆ ಬಿಸಿ ಇಳಿಯೋದು ಕಮ್ಮಿ ಅಲ್ವಾ ಅಂತ ಕೇಳಬಹುದು. ನಿಜ. ಎಣ್ಣೆ ಅಂದರೆ ಬ್ಯಾಂಕಿನಲ್ಲಿಟ್ಟ ಉಳಿತಾಯ, ಕಿಲೋವ್ಯಾಟ್ ಅಂದರೆ ತಿಂಗಳ ಸಂಬಳ. ಒಂದೇ ಒಂದು ದೊಡ್ಡ ಒಬ್ಬೆಗೆ ಉಳಿತಾಯ ಸಾಕು. ಸತತ ಎರಡು ಗಂಟೆ ಒಬ್ಬೆ ಮೇಲೆ ಒಬ್ಬೆ ತೆಗೆಯೋಕೆ ಸಂಬಳವೇ ಬೇಕು. 8 ಲೀಟರ್ ಎಣ್ಣೆಗೆ ಅದೇ 2.5 ಕಿಲೋವ್ಯಾಟ್ ಎಲಿಮೆಂಟ್ ಹಾಕಿದ ಯಂತ್ರದಲ್ಲಿ ಲೀಟರಿಗೆ ಬರೋದು 312 ವ್ಯಾಟ್. ನಮ್ಮ 5 ಲೀಟರಿನದ್ದರಲ್ಲಿ 500. ದೊಡ್ಡದು ಇಳಿಯೋದು ನಿಧಾನ, ಆದರೆ ಒಮ್ಮೆ ಇಳಿದರೆ ಏರೋದೂ ನಿಧಾನ. ಲೀಟರ್ ಎಣ್ಣೆಗೆ 500 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಇರುವ ಯಂತ್ರವನ್ನೇ ನೋಡಿ ಅನ್ನೋದು ನಮ್ಮ ಸಲಹೆ.

ಮೂರನೇ ಅಂಕಿ: ಬಾಯಿಯ ಅಗಲ

ಈ ಯಂತ್ರಗಳನ್ನು ಮೂಲತಃ ರೂಪಿಸಿರೋದು ಫ್ರೆಂಚ್ ಫ್ರೈಸ್‌ನಂಥ ತಿಂಡಿಗೆ. ಆಲೂಗಡ್ಡೆ ಕಡ್ಡಿಗಳನ್ನು ಬುಟ್ಟಿಗೆ ತುಂಬಿ ಮುಳುಗಿಸಿದರೆ ಆಯ್ತು, ಅಲ್ಲಿ ಆಳ ಮುಖ್ಯ. ನಮ್ಮ ತಿಂಡಿಗಳ ಸ್ವಭಾವ ಬೇರೆ. ಬೋಂಡಾ, ವಡೆ, ಗೋಳಿಬಜೆ, ಪೂರಿ ಎಲ್ಲವೂ ತೇಲುತ್ತವೆ. ತೇಲುವ ತಿಂಡಿಗೆ ಬೇಕಾದ್ದು ಆಳ ಅಲ್ಲ, ಮೇಲ್ಮೈ.

ಟ್ಯಾಂಕ್‌ನ ಬಾಯಿ 28 × 22 ಸೆಂಟಿಮೀಟರ್ ಅಂದುಕೊಳ್ಳಿ. 5 ಸೆಂಟಿಮೀಟರ್ ಅಗಲದ ಬೋಂಡಾಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಇಪ್ಪತ್ತು ಹಿಡಿಯತ್ತೆ. ಆದರೆ ತಿರುವಿ ಹಾಕೋಕೆ ಜಾಗ ಬೇಕು, ಒಂದಕ್ಕೊಂದು ಅಂಟಬಾರದು. ಹಾಗಾಗಿ ಒಂದು ಒಬ್ಬೆಗೆ ಹನ್ನೆರಡು. ಒಂದೊಂದು 40 ಗ್ರಾಂ ಅಂದರೆ ಸರಿಸುಮಾರು ಅರ್ಧ ಕೆಜಿ. ಮೇಲಿನ ಶಾಖದ ಲೆಕ್ಕದಲ್ಲೂ ಎಣ್ಣೆ ಬಿಸಿ ಕದಲದೆ ನಿಲ್ಲೋದು ಅರ್ಧ ಕೆಜಿಗೇ. ಎರಡೂ ಒಂದೇ ಕಡೆ ಬಂದು ನಿಂತವು ನೋಡಿ. ಒಬ್ಬೆಗೆ ಐದು ನಿಮಿಷದಂತೆ ಗಂಟೆಗೆ ಹನ್ನೆರಡು ಒಬ್ಬೆ, 144 ಬೋಂಡಾ. ನಿಮ್ಮ ಅಂಗಡಿಯಲ್ಲಿ ಜೋರು ಹೊತ್ತಿನಲ್ಲಿ ಗಂಟೆಗೆ ಇಷ್ಟು ಸಾಕೇ ಅಂತ ಎಣಿಸಿ ನೋಡಿ. ಸಾಲದಿದ್ದರೆ ದೊಡ್ಡ ಟ್ಯಾಂಕ್ ತರೋದಕ್ಕಿಂತ ಎರಡು ಟ್ಯಾಂಕ್ ತರೋದು ಮೇಲು, ಕನೆಕ್ಷನ್ ತಡೆದುಕೊಂಡರೆ.

ಎರಡು ಟ್ಯಾಂಕ್‌ನಿಂದ ಬೇರೆ ಅನುಕೂಲಗಳೂ ಇವೆ. ಮೊಟ್ಟೆ ಬೋಂಡಾ ಒಂದರಲ್ಲಿ, ಸಸ್ಯಾಹಾರ ಇನ್ನೊಂದರಲ್ಲಿ. ಸಣ್ಣ ಬಿಸಿಯಲ್ಲಿ ನಿಧಾನಕ್ಕೆ ಬೇಯಬೇಕಾದ ಜಾಮೂನು ಒಂದರಲ್ಲಿ, ಬಜ್ಜಿ ಇನ್ನೊಂದರಲ್ಲಿ. ವ್ಯಾಪಾರ ತಣ್ಣಗಿರುವ ಹೊತ್ತಿನಲ್ಲಿ ಒಂದನ್ನು ಆರಿಸಿಬಿಡಬಹುದು.

ಬುಟ್ಟಿಯ ಬಗ್ಗೆಯೂ ಒಂದು ಮಾತು. ಒದ್ದೆ ಹಿಟ್ಟಿನ ಬಜ್ಜಿಯನ್ನು ಬುಟ್ಟಿಯಲ್ಲಿ ಹಾಕಿ ಇಳಿಸಿದರೆ ತಂತಿಗೆ ಅಂಟಿಕೊಂಡು ಕಿತ್ತುಬರತ್ತೆ. ಬುಟ್ಟಿ ಮೊದಲೇ ಎಣ್ಣೆಯಲ್ಲಿ ಇಳಿದಿರಬೇಕು, ಹಿಟ್ಟನ್ನು ನೇರ ಎಣ್ಣೆಗೆ ಬಿಡಬೇಕು. ಅಥವಾ ಎಲಿಮೆಂಟ್ ಮೇಲೆ ಕೂರುವ ಚಪ್ಪಟೆ ಜಾಲರಿ ಕೇಳಿ ತೆಗೆದುಕೊಳ್ಳಿ, ಬುಟ್ಟಿ ಇಲ್ಲದೆ ಜಾಲರಿ ಸೌಟಿನಲ್ಲೇ ಕೆಲಸ ಮಾಡಿ. ಪೂರಿಯೇ ಮುಖ್ಯ ವ್ಯಾಪಾರವಾದರೆ, ಇಲ್ಲ ಜಿಲೇಬಿ ಸುತ್ತೋದಾದರೆ ಈ ಯಂತ್ರ ನಿಮಗಲ್ಲ. ಅಂಗೈ ಅಗಲದ ಪೂರಿ ಇದರಲ್ಲಿ ಒಂದು ಸಲಕ್ಕೆ ಎರಡು ಹಿಡಿದರೆ ಹೆಚ್ಚು. ಅಗಲ ಬಾಣಲೆಯೇ ಸರಿ.

ಪ್ರಾಣಕ್ಕೆ ಸಂಬಂಧಿಸಿದ ಭಾಗ

ದುಡ್ಡು ಉಳಿಸೋಕೆ ಎಲ್ಲಿ ಬೇಕಾದರೂ ನೋಡಿ, ಇಲ್ಲಿ ಮಾತ್ರ ಬೇಡ. ಥರ್ಮೋಸ್ಟಾಟ್‌ನ ಒಳಗಿನ ಕಾಂಟ್ಯಾಕ್ಟ್‌ಗಳು ದಿನಾ ನೂರಾರು ಸಲ ಬೆಸೆದು ಬಿಡುತ್ತವೆ. ಒಂದು ದಿನ ಅವು ಬೆಸೆದುಕೊಂಡೇ ಉಳಿದರೆ ಎಲಿಮೆಂಟ್ ಆರೋದೇ ಇಲ್ಲ. ನಮ್ಮ ಲೆಕ್ಕದ ಯಂತ್ರದಲ್ಲಿ 2.2 ಕಿಲೋವ್ಯಾಟ್ ಶಾಖ ಸುಮ್ಮನೆ ಎಣ್ಣೆಗೆ ಸೇರ್ತಾ ಹೋದರೆ ನಿಮಿಷಕ್ಕೆ 14 ಡಿಗ್ರಿ ಏರತ್ತೆ. ರಿಫೈಂಡ್ ಎಣ್ಣೆ 230 ಡಿಗ್ರಿ ಆಸುಪಾಸಿಗೆ ಹೊಗೆಯಾಡತ್ತೆ, 360ರ ಆಸುಪಾಸಿಗೆ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. 180ರಿಂದ ಅಲ್ಲಿಗೆ ತಲುಪೋಕೆ ಕಾಲು ಗಂಟೆ ಸಾಕು. ಪಕ್ಕದ ಅಂಗಡಿಗೆ ಹೋಗಿ ಟೀ ಕುಡಿದು ಬರುವಷ್ಟು ಹೊತ್ತು.

ಇದನ್ನು ತಡೆಯೋದೇ ಎರಡನೇ ಕಟ್-ಔಟ್. ಇದು ಥರ್ಮೋಸ್ಟಾಟ್‌ಗಿಂತ ಪೂರ್ತಿ ಪ್ರತ್ಯೇಕವಾಗಿರಬೇಕು, ಸಾಮಾನ್ಯವಾಗಿ 230 ಡಿಗ್ರಿ ಆಸುಪಾಸಿನಲ್ಲಿ ಕರೆಂಟ್ ಕಡಿಯಬೇಕು, ಒಮ್ಮೆ ಕಡಿದ ಮೇಲೆ ಕೈಯಾರೆ ಬಟನ್ ಒತ್ತುವವರೆಗೆ ಮತ್ತೆ ಹತ್ತಬಾರದು. ಅಂಗಡಿಯವರಿಗೆ "ರೀಸೆಟ್ ಬಟನ್ ಎಲ್ಲಿದೆ ತೋರಿಸಿ" ಅಂತ ಕೇಳಿ. ತೋರಿಸೋಕೆ ಆಗದಿದ್ದರೆ ಆ ಯಂತ್ರ ಬೇಡ. ವಾಣಿಜ್ಯ ಬಳಕೆಯ ಎಲೆಕ್ಟ್ರಿಕ್ ಡೀಪ್ ಫ್ರೈಯರ್‌ಗಳಿಗೆಂದೇ ಐಇಸಿ 60335-2-37 ಅನ್ನೋ ಅಂತಾರಾಷ್ಟ್ರೀಯ ಸುರಕ್ಷತಾ ಮಾನದಂಡ ಇದೆ. ಅದರ ಉಲ್ಲೇಖ ಇರುವ ಮಾದರಿ ಸಿಕ್ಕರೆ ಆದ್ಯತೆ ಕೊಡಿ. ಎಲಿಮೆಂಟ್ ಇರುವ ತಲೆಭಾಗವನ್ನು ಎತ್ತಿದ ಕೂಡಲೇ ಕರೆಂಟ್ ಕಡಿಯುವ ಸ್ವಿಚ್ ಇದೆಯಾ ನೋಡಿ. ಎಣ್ಣೆ ಇಲ್ಲದೆ ಎಲಿಮೆಂಟ್ ಹತ್ತಿದರೆ ಕೆಲವೇ ಕ್ಷಣಗಳಲ್ಲಿ ಕೆಂಪಗಾಗತ್ತೆ.

ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಬಾರದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1700 ಲೀಟರ್ ಜಾಗ ಹಿಡಿಯತ್ತೆ. ಉರಿಯುವ ಎಣ್ಣೆಯನ್ನು ಚಾವಣಿವರೆಗೆ ಎರಚತ್ತೆ. ಕೈ ತಲುಪುವ ಹಾಗಿದ್ದರೆ ಮೇನ್ ಸ್ವಿಚ್ ಆರಿಸಿ, ಮುಚ್ಚಳ ಮುಚ್ಚಿ, ಎಣ್ಣೆ ಬೆಂಕಿಗೆಂದೇ ಇರುವ ವೆಟ್ ಕೆಮಿಕಲ್ ನಂದಕ ಬಳಸಿ. ಇದಕ್ಕಾಗಿಯೇ ಫ್ರೈಯರ್‌ನ ಸ್ವಿಚ್ ಅದರ ಹಿಂದಿನ ಗೋಡೆಯಲ್ಲಿ ಇರಬಾರದು. ಉರಿಯ ಮೇಲಿಂದ ಕೈ ಚಾಚದೆ ಆರಿಸುವಂತೆ ಪಕ್ಕಕ್ಕೆ ಇರಬೇಕು. ಹಿಟ್ಟಿಗೆ ಕೈ ಅದ್ದುವ ನೀರಿನ ಬೋಗುಣಿಯನ್ನೂ ಫ್ರೈಯರ್‌ನಿಂದ ದೂರ ಇಡಿ.

ಎಣ್ಣೆ ಕೆಡುವ ಲೆಕ್ಕ

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಶೇಕಡಾ 25 ದಾಟಬಾರದು ಅಂತ ನಿಯಮ ಮಾಡಿದೆ. ಇದು ಜುಲೈ 1, 2018ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆಯನ್ನೂ ಇಡಬೇಕು. ನಮ್ಮ ಉದಾಹರಣೆಯ ಅಂಗಡಿ ಅಷ್ಟು ಬಳಸಲ್ಲ, ಆದರೆ ಶೇಕಡಾ 25ರ ಮಿತಿ ಎಲ್ಲರಿಗೂ ಒಂದೇ. ಬಳಸಿದ ಎಣ್ಣೆಯನ್ನು ಜೈವಿಕ ಡೀಸೆಲ್‌ಗೆ ಕೊಡೋಕೆ 2018ರಲ್ಲೇ ರೂಕೋ ಅನ್ನೋ ಯೋಜನೆಯೂ ಶುರುವಾಗಿದೆ. ಮೋರಿಗೆ ಸುರಿಯೋ ಬದಲು ಆ ದಾರಿ ಹುಡುಕಿ.

ಫ್ರೈಯರ್‌ನ ವಿನ್ಯಾಸ ಇಲ್ಲಿ ಸಹಾಯ ಮಾಡತ್ತೆ. ಗ್ಯಾಸ್ ಬಾಣಲೆಗೆ ಉರಿ ಬೀಳೋದು ತಳಕ್ಕೆ. ಉದುರಿದ ಹಿಟ್ಟಿನ ಕಾಳು ಕೂರೋದೂ ಅದೇ ತಳದಲ್ಲಿ. ಕರಿಕಲಾಗಿ ಎಣ್ಣೆ ಕಪ್ಪಾಗತ್ತೆ. ಒಳ್ಳೆಯ ಫ್ರೈಯರ್‌ನಲ್ಲಿ ಎಲಿಮೆಂಟ್ ತಳದಿಂದ ಸ್ವಲ್ಪ ಮೇಲಿರತ್ತೆ. ಬಿಸಿ ಎಣ್ಣೆ ಮೇಲಕ್ಕೇ ಏರೋದರಿಂದ ಎಲಿಮೆಂಟ್ ಕೆಳಗಿನ ಪದರ ತಣ್ಣಗಿರತ್ತೆ. ಇದಕ್ಕೆ ಕೋಲ್ಡ್ ಝೋನ್ ಅಂತಾರೆ. ಕಾಳು ಅಲ್ಲಿ ಬಿದ್ದು ಸುಡದೆ ಕೂರತ್ತೆ. ಕಡಲೆಹಿಟ್ಟಿನ ಬಜ್ಜಿ ಮಾಡುವವರಿಗೆ ಇದು ದೊಡ್ಡ ಲಾಭ. ಎಲಿಮೆಂಟ್ ಕೆಳಗೆ ಎರಡು ಬೆರಳಿನಷ್ಟಾದರೂ ಜಾಗ ಇದೆಯಾ ಅಂತ ಕೈ ಹಾಕಿ ನೋಡಿ, ಖಂಡಿತ ಖಾಲಿ ಯಂತ್ರದಲ್ಲಿ!

ಚಿಕ್ಕ ಟ್ಯಾಂಕ್‌ನ ಪರವಾಗಿ ಇನ್ನೊಂದು ಮಾತಿದೆ. ದಿನಕ್ಕೆ ಎರಡು ಲೀಟರ್ ಎಣ್ಣೆ ತಿಂಡಿಯ ಜೊತೆ ಹೋಗತ್ತೆ, ಅಷ್ಟೇ ಹೊಸದು ಸೇರತ್ತೆ ಅಂದುಕೊಳ್ಳಿ. 5 ಲೀಟರ್ ಟ್ಯಾಂಕಿನಷ್ಟು ಹೊಸ ಎಣ್ಣೆ ಎರಡೂವರೆ ದಿನಕ್ಕೆ ಒಳಗೆ ಬರತ್ತೆ, 10 ಲೀಟರಿನದ್ದಕ್ಕೆ ಐದು ದಿನ ಬೇಕು. ಬೇಕಿಲ್ಲದಷ್ಟು ಎಣ್ಣೆಯನ್ನು ದಿನಾ ಕಾಯಿಸಿ ಹಳೆಯದು ಮಾಡೋದಕ್ಕೆ ನೀವೇ ದುಡ್ಡು ಕೊಟ್ಟ ಹಾಗೆ. ಹಾಗಂತ ಕೆಟ್ಟ ಎಣ್ಣೆಗೆ ಹೊಸದು ಬೆರೆಸಿದರೆ ಅದು ಒಳ್ಳೆಯದಾಗಲ್ಲ. ಕಪ್ಪಾಗಿ, ಜಿಡ್ಡಾಗಿ, ಬೇಗ ನೊರೆಯೇಳುವ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ದಿನಾ ರಾತ್ರಿ ಸೋಸಿ, ಮುಚ್ಚಿಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಥರ್ಮೋಸ್ಟಾಟನ್ನು 120ಕ್ಕೆ ಇಳಿಸಿ. ಟ್ಯಾಂಕ್‌ಗೆ ಡ್ರೈನ್ ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಬಿಸಿ ಎಣ್ಣೆ ತುಂಬಿದ ಟ್ಯಾಂಕನ್ನೇ ಎತ್ತಿ ಬಗ್ಗಿಸಬೇಕಾಗತ್ತೆ, ಸುಟ್ಟ ಗಾಯಗಳಾಗೋದು ಹೀಗೇ.

ಗ್ಯಾಸ್ ಅಗ್ಗವೋ, ಕರೆಂಟ್ ಅಗ್ಗವೋ

ಬೆಲೆಗಳು ಬದಲಾಗ್ತಾ ಇರ್ತವೆ, ಹಾಗಾಗಿ ಸೂತ್ರವನ್ನೇ ಕೊಡುತ್ತೇವೆ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್‌ನಷ್ಟು ಶಾಖ ಇದೆ. ತೆರೆದ ಒಲೆಯ ಮೇಲಿನ ಬಾಣಲೆಗೆ ಅದರಲ್ಲಿ 40 ಶೇಕಡಾ ಸೇರತ್ತೆ ಅಂದುಕೊಂಡರೆ 5.1 ಯೂನಿಟ್. ಎಣ್ಣೆಯೊಳಗೇ ಎಲಿಮೆಂಟ್ ಇರುವ ಫ್ರೈಯರ್‌ನಲ್ಲಿ 85 ಶೇಕಡಾ ಬಳಕೆಯಾಗತ್ತೆ ಅಂದರೆ ಅಷ್ಟೇ ಕೆಲಸಕ್ಕೆ 6 ಯೂನಿಟ್ ಕರೆಂಟ್ ಬೇಕು. ಅಂದರೆ ಒಂದು ಕೆಜಿ ಗ್ಯಾಸಿಗೆ ಆರು ಯೂನಿಟ್ ಸಮ. ಸಿಲಿಂಡರ್ ಬೆಲೆಯನ್ನು 19ರಿಂದ ಭಾಗಿಸಿ. ಅದು ನಿಮ್ಮ ಯೂನಿಟ್ ದರದ ಆರರಷ್ಟಕ್ಕಿಂತ ಜಾಸ್ತಿ ಇದ್ದರೆ ಕರೆಂಟ್ ಅಗ್ಗ. ಉದಾಹರಣೆಗೆ ಯೂನಿಟ್‌ಗೆ 10 ರೂಪಾಯಿ ಆದರೆ ಗಡಿ ಕೆಜಿಗೆ 60, ಅಂದರೆ ಸಿಲಿಂಡರಿಗೆ 1140 ರೂಪಾಯಿ. ನಿಮ್ಮ ಬಿಲ್ಲಿನ ದರ, ಇವತ್ತಿನ ಸಿಲಿಂಡರ್ ದರ ಹಾಕಿ ನೋಡಿಕೊಳ್ಳಿ.

ಗ್ಯಾಸಿನ ಉಳಿದ 60 ಶೇಕಡಾ ಶಾಖ ಎಲ್ಲಿ ಹೋಗತ್ತೆ? ಆ ಸಣ್ಣ ಅಂಗಡಿಯೊಳಗೆ, ಒಲೆ ಮುಂದೆ ನಿಂತವರ ಮೈಮೇಲೆ. ಈ ಲಾಭವನ್ನು ರೂಪಾಯಿಯಲ್ಲಿ ಬರೆಯೋದು ಕಷ್ಟ, ಏಪ್ರಿಲ್ ತಿಂಗಳಲ್ಲಿ ಅಲ್ಲಿ ನಿಂತವರಿಗೆ ಗೊತ್ತು. ಆದರೆ ಎಣ್ಣೆ ಹೊಗೆ, ಆವಿ ಎರಡರಲ್ಲೂ ಬರತ್ತೆ, ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಮತ್ತೆ ಕರೆಂಟ್ ಹೋದರೆ ಫ್ರೈಯರ್ ನಿಂತುಹೋಗತ್ತೆ. ಅಂಗಡಿಯ ಸಾಮಾನ್ಯ ಯುಪಿಎಸ್ ಇಷ್ಟು ಲೋಡ್ ಎಳೆಯಲ್ಲ. ಹಳೇ ಬಾಣಲೆ, ಒಲೆಯನ್ನು ಮಾರಬೇಡಿ.

ನಮ್ಮ ಉದಾಹರಣೆಯ ಅಂಗಡಿಗೆ ಈ ಲೆಕ್ಕಗಳೆಲ್ಲ ಸೇರಿ ಸಿಗೋ ಉತ್ತರ: ಒಂಟಿ ಟ್ಯಾಂಕ್, ಎಣ್ಣೆ 5 ಲೀಟರ್ ಆಸುಪಾಸು, 2.5ರಿಂದ 3 ಕಿಲೋವ್ಯಾಟ್, ಅಗಲ ಬಾಯಿ, ಡ್ರೈನ್ ನಲ್ಲಿ, ಕೈಯಾರೆ ರೀಸೆಟ್ ಮಾಡುವ ಕಟ್-ಔಟ್, ಪ್ರತ್ಯೇಕ ಸರ್ಕ್ಯೂಟ್, ಜೊತೆಗೆ ಗ್ಯಾಸ್ ಒಲೆ.

ಕೊಳ್ಳುವ ದಿನದ ಪರೀಕ್ಷೆ

ಯಂತ್ರದ ಮೇಲೆ ಬರೆದ ವ್ಯಾಟ್ ನಿಜವೋ ಅಲ್ಲವೋ ಅಂಗಡಿಯಲ್ಲೇ ತಿಳಿಯಬಹುದು. 5 ಲೀಟರ್ ನೀರು ತುಂಬಿ, ಎಲಿಮೆಂಟ್ ಪೂರ್ತಿ ಮುಳುಗಿರಲಿ. ಒಂದು ಥರ್ಮಾಮೀಟರ್ ಇಟ್ಟು 30ರಿಂದ 80 ಡಿಗ್ರಿಗೆ ಏರೋಕೆ ಎಷ್ಟು ಹೊತ್ತು ಹಿಡಿಯತ್ತೆ ನೋಡಿ. ಬೇಕಾದ ಶಾಖ 5 × 4.18 × 50, ಅಂದರೆ 1045 ಕಿಲೋಜೂಲ್. 2.5 ಕಿಲೋವ್ಯಾಟ್‌ನದ್ದು ಏಳರಿಂದ ಎಂಟು ನಿಮಿಷದಲ್ಲಿ ಮುಟ್ಟಬೇಕು. ಹತ್ತು ನಿಮಿಷ ದಾಟಿದರೆ ಒಂದೋ ಅಲ್ಲಿ ವೋಲ್ಟೇಜ್ ಕಮ್ಮಿ, ಇಲ್ಲವೇ ಸ್ಟಿಕ್ಕರ್ ಸುಳ್ಳು. ಕ್ಲಾಂಪ್ ಮೀಟರ್ ಇದ್ದರೆ ಇನ್ನೂ ಸುಲಭ: 230 ವೋಲ್ಟ್‌ಗೆ 10.9 ಆಂಪಿಯರ್ ತೋರಿಸಬೇಕು. ಪರೀಕ್ಷೆ ಆದ ಮೇಲೆ ಒಂದು ಹನಿ ನೀರೂ ಉಳಿಯದಂತೆ ಒರೆಸಿ ಒಣಗಿಸಿ, ಡ್ರೈನ್ ನಲ್ಲಿಯ ಒಳಗೂ ಸೇರಿ.

ಸ್ಟೀಲ್ ನೋಡೋಕೆ ಅಯಸ್ಕಾಂತ ಒಯ್ಯುವವರಿಗೆ ಒಂದು ಸೂಚನೆ. ಅಯಸ್ಕಾಂತ ಅಂಟಲಿಲ್ಲ ಅಂದ ಮಾತ್ರಕ್ಕೆ ಅದು 304 ದರ್ಜೆ ಅಲ್ಲ. ಅಗ್ಗದ 202 ದರ್ಜೆಗೂ ಅಂಟಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ ಥರ್ಮೋಸ್ಟಾಟ್ ಪರೀಕ್ಷಿಸಿ. ಎಣ್ಣೆ ಹಾಕಿ 180ಕ್ಕೆ ಇಟ್ಟು, ದೀಪ ಆರಿದಾಗ, ಹತ್ತಿದಾಗ ಎಣ್ಣೆಯ ನಡುವಿನ ಬಿಸಿ ಎಷ್ಟು ಅಂತ ಮೂರು ಸಲ ಬರೆದುಕೊಳ್ಳಿ. ಎರಡರ ನಡುವೆ ಹತ್ತು ಡಿಗ್ರಿಯೊಳಗೆ ವ್ಯತ್ಯಾಸ ಇದ್ದರೆ ಚೆನ್ನಾಗಿದೆ. ಗುಂಡಿಯ ಮೇಲಿನ ಅಂಕಿಗೂ ಎಣ್ಣೆಯ ಬಿಸಿಗೂ ವ್ಯತ್ಯಾಸ ಇದ್ದರೆ ಸರಿಯಾದ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಬಹಳ ದಿನ ಬಳಸದೆ ಇಟ್ಟ ಫ್ರೈಯರ್ ಹಾಕಿದ ಕೂಡಲೇ ಆರ್‌ಸಿಸಿಬಿ ಟ್ರಿಪ್ ಆದರೆ ಎಲಿಮೆಂಟ್ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಹೀರಿರೋ ಸಾಧ್ಯತೆ ಇದೆ. ಎಲೆಕ್ಟ್ರಿಷಿಯನ್ ಕೈಲಿ ತೋರಿಸಿ. ಟ್ರಿಪ್ ಆಗ್ತಿದೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡೋ ಸಲಹೆ ಯಾರಾದರೂ ಕೊಟ್ಟರೆ, ಆ ಮಾತನ್ನು ಕೇಳಬೇಡಿ.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಪರಿಚಯದವರಲ್ಲೋ ಇಂಥ ಅಂಗಡಿ ಇದ್ದರೆ ಒಂದು ಸಂಜೆ ಮಲ್ಟಿಮೀಟರ್, ಅಳತೆ ಟೇಪು, ಕರೆಂಟ್ ಬಿಲ್ಲು ಇಟ್ಟುಕೊಂಡು ಅವರ ಜೊತೆ ಕೂತು ಲೆಕ್ಕ ಹಾಕಿ. ಅರ್ಧ ಗಂಟೆಯ ಕೆಲಸ. ಲೀಟರ್ ಎಷ್ಟು ಬೇಕು ಅನ್ನೋದು ಆ ಹೊತ್ತಿಗೆ ತಾನಾಗಿಯೇ ಗೊತ್ತಾಗಿರತ್ತೆ.